ಒಂದೇ ಇಂಜೆಕ್ಟರ್, ನಾಲ್ಕು ಅಂಕಿ: ಹರಿವನ್ನು ನಂಬುವ ಮೊದಲು ಅಳೆಯುವುದು ಹೇಗೆ?

ಓದುಗರ ಪ್ರಶ್ನೆ: ನನ್ನದು 200 ಸಿಸಿಯ ಒಂಟಿ ಸಿಲಿಂಡರ್ ಬೈಕ್. ಕಳೆದ ವರ್ಷ ಕ್ಯಾಮ್ ಬದಲಿಸಿ, ಸ್ವಲ್ಪ ದೊಡ್ಡ ಥ್ರಾಟಲ್ ಬಾಡಿ ಹಾಕಿ, ಮೂಲ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತೆಗೆದು ನಾವೇ ಪ್ರೋಗ್ರಾಂ ಮಾಡಬಹುದಾದ ಇಸಿಯು ಜೋಡಿಸಿದೆ. ಅದು ಮೊದಲು ಕೇಳುವ ಪ್ರಶ್ನೆಯೇ ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಹರಿವು ಎಷ್ಟು ಎಂಬುದು. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇಲ್ಲ. ಹುಡುಕಿದಾಗ ಒಂದು ಕಡೆ 95, ಇನ್ನೊಂದು ಕಡೆ 128, ಮತ್ತೊಂದು ಕಡೆ 117, ಮಗದೊಂದು ಕಡೆ ಬರೀ 12 ಎಂದಿತ್ತು. ಪರಿಚಿತ ಮೆಕ್ಯಾನಿಕ್ ಒಬ್ಬರು ತುದಿಯ ರಂಧ್ರಗಳನ್ನು ಎಣಿಸಿದರೆ ಸಾಕು ಎಂದರು, ಇನ್ನೊಬ್ಬರು ಮಲ್ಟಿಮೀಟರ್ ಹಿಡಿದು ಓಮ್ ನೋಡಿ ಎಂದರು. ಕೊನೆಗೆ 128 ಹಾಕಿ, ಡೆಡ್ ಟೈಮ್ (ಇಂಜೆಕ್ಟರ್ ತೆರೆಯಲು ತಡವಾಗುವ ಸಮಯ) ಜಾಗದಲ್ಲಿ ಮೊದಲೇ ಇದ್ದ 1.5 ಮಿಲಿಸೆಕೆಂಡ್ ಅನ್ನು ಹಾಗೆಯೇ ಬಿಟ್ಟಿದ್ದೇನೆ. 6000 ಆರ್‌ಪಿಎಂ ಮೇಲೆ ಬೈಕ್ ಚೆನ್ನಾಗಿ ಎಳೆಯುತ್ತದೆ, ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಕೂಡ ಗುರಿಯ ಹತ್ತಿರವೇ ತೋರಿಸುತ್ತದೆ. ಐಡಲ್‌ನಲ್ಲಿ (ಥ್ರಾಟಲ್ ತಿರುಗಿಸದೆ ಎಂಜಿನ್ ಓಡುವಾಗ) ಮಾತ್ರ ಏರಿಳಿತ, ಪೆಟ್ರೋಲ್ ವಾಸನೆ. ಲ್ಯಾಂಬ್ಡಾ (ಗಾಳಿ ಮತ್ತು ಇಂಧನದ ಮಿಶ್ರಣದ ಅಳತೆ, 1ಕ್ಕಿಂತ ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು) ಗುರಿ 0.95 ಇದ್ದರೆ ಬರುವುದು 0.81. ವಿಚಿತ್ರವೆಂದರೆ ಹೆಡ್‌ಲೈಟ್ ಹೊತ್ತಿಸಿದ ಕೂಡಲೇ ಅದು 0.84ಕ್ಕೆ ಏರುತ್ತದೆ. ದೊಡ್ಡ ಬೈಕಿನದೊಂದು ಇಂಜೆಕ್ಟರ್ ಕೂಡ ನನ್ನ ಬಳಿ ಇದೆ. ಹರಿವನ್ನು ಮನೆಯಲ್ಲೇ ಕಂಡುಹಿಡಿಯಬಹುದೇ? ಅಪಾಯವಿದೆಯೇ? ದೊಡ್ಡದನ್ನು ಹಾಕಿದರೆ ಇದೆಲ್ಲ ಸರಿಹೋಗುತ್ತದೆಯೇ?

ಉತ್ತರ: ಹೆಡ್‌ಲೈಟಿನ ಸಂಗತಿಯನ್ನು ವಿಚಿತ್ರವೆಂದು ಬದಿಗಿಡದೆ ಬರೆದಿದ್ದೀರಿ, ಬಹಳ ಒಳ್ಳೆಯದಾಯಿತು. ನಿಮ್ಮ ಇಡೀ ಪತ್ರದಲ್ಲಿ ನನಗೆ ಹೆಚ್ಚು ವಿಷಯ ತಿಳಿಸಿದ ಸಾಲು ಅದೇ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ನಾಲ್ಕು ಅಂಕಿಗಳನ್ನು ನೋಡೋಣ, ಏಕೆಂದರೆ ಅವು ಒಂದಕ್ಕೊಂದು ಜಗಳವಾಡುತ್ತಿಲ್ಲ.

ಪೆಟ್ರೋಲಿನ ಸಾಂದ್ರತೆ ಸಿಸಿಗೆ ಸುಮಾರು 0.74 ಗ್ರಾಂ. 95 ಎಂಬುದು ನಿಮಿಷಕ್ಕೆ ಗ್ರಾಂ ಲೆಕ್ಕವಾಗಿದ್ದರೆ, ಅದನ್ನು 0.74ರಿಂದ ಭಾಗಿಸಿ: 128 ಸಿಸಿ. ಆ 128 ಸಿಸಿ 3 ಬಾರ್ ಒತ್ತಡದಲ್ಲಿ ಅಳೆದದ್ದಾದರೆ, ಅದೇ ಇಂಜೆಕ್ಟರ್ 2.5 ಬಾರ್‌ನಲ್ಲಿ 117 ಸಿಸಿ ಕೊಡುತ್ತದೆ. ಇನ್ನು 12 ಎಂಬುದು ಗಂಟೆಗೆ ಪೌಂಡ್ ಲೆಕ್ಕ ಇರಬೇಕು. ಗಂಟೆಗೆ ಒಂದು ಪೌಂಡ್ ಎಂದರೆ ನಿಮಿಷಕ್ಕೆ ಸುಮಾರು 10.5 ಸಿಸಿ, ಹಾಗಾಗಿ 126. ನಾಲ್ವರೂ ಒಂದೇ ಇಂಜೆಕ್ಟರನ್ನು ಅಳೆದು, ತಮ್ಮ ತಮ್ಮ ಅಳತೆಗೋಲಿನ ಹೆಸರು ಹೇಳುವುದನ್ನು ಮರೆತಿರುವ ಸಾಧ್ಯತೆಯೇ ಹೆಚ್ಚು. ಇದರ ಮೇಲೆ ಇನ್ನೊಂದು ತೊಡಕು: ಕಾರ್ಖಾನೆಗಳು ಮತ್ತು ಪ್ರಯೋಗಾಲಯಗಳು ಪೆಟ್ರೋಲ್ ಬದಲು ಹೆಪ್ಟೇನ್ ಎಂಬ ದ್ರವದಲ್ಲಿ ಅಳೆಯುವುದು ವಾಡಿಕೆ. ಅದರ ಸಾಂದ್ರತೆ 0.68. ಪೆಟ್ರೋಲ್ ಎಂದುಕೊಂಡು ಓದಿದರೆ ಶೇ 4ರಷ್ಟು ವ್ಯತ್ಯಾಸ ಅಲ್ಲೇ ನುಸುಳುತ್ತದೆ.

ಹರಿವು ಎಂಬುದು ಇಂಜೆಕ್ಟರಿನ ಹುಟ್ಟುಗುಣವಲ್ಲ. ಒಂದು ನಿರ್ದಿಷ್ಟ ಒತ್ತಡದಲ್ಲಿ, ಒಂದು ನಿರ್ದಿಷ್ಟ ದ್ರವದಲ್ಲಿ, ಒಳಗಿನ ದಾರಿಯನ್ನು ತೆರೆದು ಮುಚ್ಚುವ ಸೂಜಿಯನ್ನು ಒಂದು ನಿಮಿಷ ಪೂರ್ತಿ ತೆರೆದಿಟ್ಟರೆ ಹೊರಬರುವ ಪ್ರಮಾಣ, ಅಷ್ಟೇ. ಒತ್ತಡ ಬರೆಯದ ಹರಿವಿನ ಅಂಕಿ, ಊರಿನ ಹೆಸರಿಲ್ಲದ ವಿಳಾಸದಂತೆ. ಬೈಕ್ ತಯಾರಕರು ಈ ಅಂಕಿಯನ್ನು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ಅವರ ದೃಷ್ಟಿಯಲ್ಲಿ ಅದು ಒಂದು ಮಾದರಿಗೆ ಹೊಂದುವ ಬಿಡಿಭಾಗ. ಕೆಟ್ಟರೆ ಅದೇ ನಂಬರಿನದನ್ನು ಹಾಕಿದರಾಯಿತು. ಲೆಕ್ಕ ಇಸಿಯುವಿನ ಒಳಗೇ ಇರುತ್ತದೆ. ಮೂಲ ಇಸಿಯುವನ್ನು ಕಿತ್ತ ದಿನವೇ ಆ ಲೆಕ್ಕದ ಹೊಣೆ ನಿಮ್ಮ ಹೆಗಲಿಗೆ ಬಂತು.

ರಂಧ್ರ, ಓಮ್ ಮತ್ತು ಪಂಪಿನ ಅಂಕಿ

ರಂಧ್ರ ಎಣಿಸಿ ಹರಿವು ಹೇಳಲಾಗದು. ಹರಿವನ್ನು ನಿರ್ಧರಿಸುವುದು ರಂಧ್ರಗಳ ಒಟ್ಟು ವಿಸ್ತೀರ್ಣ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 0.15 ಮಿಲಿಮೀಟರ್ ವ್ಯಾಸದ ಆರು ರಂಧ್ರಗಳಿರುವ ಇಂಜೆಕ್ಟರ್ ಮತ್ತು 0.17 ಮಿಲಿಮೀಟರ್ ವ್ಯಾಸದ ಆರು ರಂಧ್ರಗಳಿರುವ ಇಂಜೆಕ್ಟರ್ ಕಣ್ಣಿಗೆ ಅವಳಿಗಳಂತೆ ಕಾಣುತ್ತವೆ. ಹರಿವಿನಲ್ಲಿ ಮಾತ್ರ ಶೇ 28ರ ಅಂತರ. ಒಂದು ಕೂದಲಿನ ದಪ್ಪಕ್ಕಿಂತಲೂ ಸಣ್ಣ ವ್ಯತ್ಯಾಸವನ್ನು ಕಣ್ಣಳತೆಯಲ್ಲಿ ಯಾರೂ ಹಿಡಿಯಲಾರರು. ರಂಧ್ರಗಳ ಸಂಖ್ಯೆ ಹೇಳುವುದು ಮುಖ್ಯವಾಗಿ ಸಿಂಪರಣೆಯ ಸ್ವಭಾವವನ್ನು: ಹನಿ ಎಷ್ಟು ಸಣ್ಣ, ಎಷ್ಟು ಕವಲು, ಯಾವ ಕೋನ.

ಓಮ್ ಹೇಳುವುದು ಸೂಜಿಯನ್ನು ಎಳೆಯುವ ತಂತಿಸುರುಳಿಯ ಬಗ್ಗೆ. ಅದನ್ನು ಅಳೆಯಬೇಕು ನಿಜ, ಆದರೆ ಬೇರೆ ಕಾರಣಕ್ಕೆ. 12ರಿಂದ 16 ಓಮ್ ಬಂದರೆ ಸಾಮಾನ್ಯ ಇಸಿಯು ಅದನ್ನು ನೇರವಾಗಿ ನಡೆಸಬಲ್ಲದು. 2ರಿಂದ 4 ಓಮ್ ಬಂದರೆ ಅದಕ್ಕೆ ವಿದ್ಯುತ್ ಮಿತಿಗೊಳಿಸುವ ಬೇರೆ ಡ್ರೈವರ್ ಬೇಕು. ಇಲ್ಲದಿದ್ದರೆ ಇಸಿಯುವೋ ಸುರುಳಿಯೋ ಸುಡುತ್ತದೆ. ನಿಮ್ಮ ದೊಡ್ಡ ಬೈಕಿನ ಇಂಜೆಕ್ಟರನ್ನು ಜೋಡಿಸುವ ಮೊದಲು ಇದನ್ನು ನೋಡಿಕೊಳ್ಳಿ.

ಮೂರನೆಯ ಗೊಂದಲವೊಂದಿದೆ, ಓದಿದವರನ್ನೇ ಹೆಚ್ಚು ಕೆಡವುವಂಥದ್ದು. ಕೆಲವು ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ 10 ಸೆಕೆಂಡಿಗೆ ಇಷ್ಟು ಸಿಸಿ ಇಂಧನ ಹರಿಯಬೇಕು ಎಂದು ಬರೆದಿರುತ್ತದೆ. ಅದು ಪಂಪಿನ ಸಾಮರ್ಥ್ಯ, ಇಂಜೆಕ್ಟರಿನದಲ್ಲ. ಅದನ್ನು ಆರರಿಂದ ಗುಣಿಸಿ ಇಸಿಯುವಿಗೆ ಹಾಕಿದವರನ್ನು ನಾನು ಕಂಡಿದ್ದೇನೆ. ಇಂಜೆಕ್ಟರ್ ಬಹಳ ದೊಡ್ಡದು ಎಂದು ಇಸಿಯು ನಂಬುತ್ತದೆ, ಕ್ಷಣಮಾತ್ರ ತೆರೆದು ಮುಚ್ಚುತ್ತದೆ, ಬೈಕ್ ಹೊತ್ತಿಕೊಳ್ಳುವುದೇ ಇಲ್ಲ.

ಅದೇ ಮ್ಯಾನ್ಯುಯಲ್‌ನಲ್ಲಿ ನಿಮಗೆ ನಿಜವಾಗಿ ಬೇಕಾದ ಅಂಕಿ ಇಂಧನದ ಒತ್ತಡ. ಹೋಂಡಾ ಬೈಕುಗಳ ಪುಸ್ತಕಗಳಲ್ಲಿ 294 ಅಥವಾ 343 ಕಿಲೋಪಾಸ್ಕಲ್ ಎಂದು ಕಾಣುವುದು ಸಾಮಾನ್ಯ. ಬೇರೆ ತಯಾರಕರಲ್ಲೂ 250ರಿಂದ 350ರ ನಡುವೆಯೇ ಹೆಚ್ಚಿನವು ಸಿಗುತ್ತವೆ. 100 ಕಿಲೋಪಾಸ್ಕಲ್ ಎಂದರೆ ಒಂದು ಬಾರ್. ಒತ್ತಡ ಹೆಚ್ಚಿದರೆ ಹರಿವು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ವರ್ಗಮೂಲದ ಪ್ರಮಾಣದಲ್ಲಿ ಹೆಚ್ಚುತ್ತದೆ. 3 ಬಾರ್‌ನಿಂದ 4 ಬಾರ್‌ಗೆ ಹೋದರೆ ಒತ್ತಡ ಶೇ 33 ಏರಿತು, ಹರಿವು ಏರುವುದು ಶೇ 15 ಮಾತ್ರ. ಹೊಸ ಒತ್ತಡವನ್ನು ಹಳೆಯದರಿಂದ ಭಾಗಿಸಿ, ವರ್ಗಮೂಲ ತೆಗೆದು, ಹಳೆಯ ಹರಿವಿನಿಂದ ಗುಣಿಸಿ. ಲೆಕ್ಕ ಅಷ್ಟೇ.

ಇಲ್ಲಿ ಒತ್ತಡ ಎಂದರೆ ಇಂಜೆಕ್ಟರಿನ ಹಿಂದಿನ ಮತ್ತು ಮುಂದಿನ ಒತ್ತಡಗಳ ವ್ಯತ್ಯಾಸ. ಹೆಚ್ಚಿನ ಸಣ್ಣ ಬೈಕುಗಳಲ್ಲಿ ಇಂಧನದ ಒತ್ತಡವನ್ನು ಕಾಯುವ ರೆಗ್ಯುಲೇಟರ್ ಟ್ಯಾಂಕಿನೊಳಗೆ, ಪಂಪಿನ ಜೊತೆಗೇ ಇರುತ್ತದೆ. ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ನಿರ್ವಾತ ಅದಕ್ಕೆ ತಿಳಿಯುವುದಿಲ್ಲ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ 40 ಕಿಲೋಪಾಸ್ಕಲ್‌ಗೆ ಇಳಿದರೆ, ಹೊರಗಿನ ಗಾಳಿಗಿಂತ ಅದು 60 ಕಡಿಮೆ. ಹಿಂದಿನಿಂದ 300 ತಳ್ಳುತ್ತಿದೆ, ಮುಂದಿನಿಂದ 60 ಎಳೆಯುತ್ತಿದೆ, ಒಟ್ಟು 360. ಹರಿವು ಶೇ 9.5ರಷ್ಟು ಹೆಚ್ಚಾಯಿತು. ನಿಮ್ಮ ಇಸಿಯುವಿನಲ್ಲಿ ರೆಗ್ಯುಲೇಟರ್ ಯಾವ ಬಗೆಯದು ಎಂದು ಕೇಳುವ ಆಯ್ಕೆಯೊಂದು ಇರಬಹುದು, ಅದನ್ನು ನೋಡಿ. ಒಂಟಿ ಸಿಲಿಂಡರಿನಲ್ಲಿ ಮ್ಯಾನಿಫೋಲ್ಡ್ ಒತ್ತಡ ಪ್ರತಿ ಹೀರುವಿಕೆಗೂ ಜೋರಾಗಿ ಕುಸಿದು ಮತ್ತೆ ಏರುವುದರಿಂದ ಈ ಲೆಕ್ಕ ಅಂದಾಜೇ ಹೊರತು ಖಚಿತವಲ್ಲ.

ಹೆಡ್‌ಲೈಟ್ ಹೇಳಿದ್ದು

ಇಸಿಯು ವಿದ್ಯುತ್ ಕೊಟ್ಟ ಕ್ಷಣವೇ ಇಂಜೆಕ್ಟರ್ ತೆರೆಯುವುದಿಲ್ಲ. ಸುರುಳಿಯಲ್ಲಿ ವಿದ್ಯುತ್ ಏರಬೇಕು, ಕಾಂತಬಲ ಕೂಡಬೇಕು, ಸ್ಪ್ರಿಂಗನ್ನು ಮೀರಿ ಸೂಜಿ ಏಳಬೇಕು. ವಿದ್ಯುತ್ ನಿಂತ ಮೇಲೂ ಅದು ಮುಚ್ಚಲು ಸ್ವಲ್ಪ ಹೊತ್ತು ಬೇಕು. ತೆರೆಯುವಾಗ ಕಳೆದುಕೊಂಡದ್ದರಲ್ಲಿ ಮುಚ್ಚುವಾಗ ಗಳಿಸಿದ್ದನ್ನು ಕಳೆದರೆ ಉಳಿಯುವುದೇ ಡೆಡ್ ಟೈಮ್. 14 ವೋಲ್ಟ್‌ನಲ್ಲಿ ಇದು ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಮಿಲಿಸೆಕೆಂಡ್ ಒಳಗಿರುತ್ತದೆ. ವೋಲ್ಟೇಜ್ ಇಳಿದಂತೆ ಬೆಳೆಯುತ್ತದೆ.

ಈಗ ನಿಮ್ಮ ಎಂಜಿನ್ನಿಗೆ ಬರೋಣ. ಐಡಲ್‌ನಲ್ಲಿ ಈ ಗಾತ್ರದ ಎಂಜಿನ್ ಒಂದು ಪೂರ್ಣ ಸುತ್ತಿಗೆ (ಕ್ರ್ಯಾಂಕಿನ ಎರಡು ತಿರುಗುವಿಕೆಗೆ) ಕುಡಿಯುವುದು ಸುಮಾರು 6 ಘನ ಮಿಲಿಮೀಟರ್ ಪೆಟ್ರೋಲ್, ಒಂದು ಹನಿಯ ಎಂಟನೆಯ ಒಂದು ಭಾಗದಷ್ಟು. ನಿಮಿಷಕ್ಕೆ 126 ಸಿಸಿ ಎಂದರೆ ಮಿಲಿಸೆಕೆಂಡಿಗೆ 2.1 ಘನ ಮಿಲಿಮೀಟರ್. ಹಾಗಾಗಿ ಸೂಜಿ ನಿಜವಾಗಿ ತೆರೆದಿರಬೇಕಾದದ್ದು 3 ಮಿಲಿಸೆಕೆಂಡಿಗೂ ಚೂರು ಕಡಿಮೆ. ಇಂಜೆಕ್ಟರಿನ ನಿಜವಾದ ಡೆಡ್ ಟೈಮ್ 1.0 ಇದ್ದು ನೀವು 1.5 ಹಾಕಿದ್ದರೆ, ಇಸಿಯು ಅರ್ಧ ಮಿಲಿಸೆಕೆಂಡ್ ಹೆಚ್ಚು ತೆರೆದಿಡುತ್ತದೆ. ಮೂರರ ಮೇಲೆ ಅರ್ಧ ಎಂದರೆ ಶೇ 17. ನಿಮ್ಮ 0.95ರ ಗುರಿಯನ್ನು 1.17ರಿಂದ ಭಾಗಿಸಿ ನೋಡಿ, 0.81 ಬರುತ್ತದೆ. ಪೂರ್ಣ ಥ್ರಾಟಲ್‌ನಲ್ಲಿ ಇಂಜೆಕ್ಟರ್ 10 ಮಿಲಿಸೆಕೆಂಡ್ ತೆರೆದಿರುವಾಗ ಅದೇ ಅರ್ಧ ಮಿಲಿಸೆಕೆಂಡ್ ಶೇ 5 ಮಾತ್ರ, ಕಣ್ಣಿಗೆ ಬೀಳದಷ್ಟು ಚಿಕ್ಕದು. ಹೆಡ್‌ಲೈಟ್ ಹೊತ್ತಿದಾಗ ವೋಲ್ಟೇಜ್ ಇಳಿಯಿತು, ನಿಜವಾದ ಡೆಡ್ ಟೈಮ್ ಬೆಳೆದು ನೀವು ಬರೆದಿಟ್ಟ ತಪ್ಪು ಅಂಕಿಯ ಕಡೆಗೆ ಸರಿಯಿತು, ಮಿಶ್ರಣ ಸುಧಾರಿಸಿತು. ಇಸಿಯುವಿನ ವೋಲ್ಟೇಜ್ ತಿದ್ದುಪಡಿ ಸರಿಯಾಗಿದ್ದಿದ್ದರೆ ದೀಪ ಹೊತ್ತಿಸಿದ್ದು ಲ್ಯಾಂಬ್ಡಾಗೆ ಗೊತ್ತೇ ಆಗುತ್ತಿರಲಿಲ್ಲ.

ಬೆಂಚ್ ಮೇಲೆ ಅಳೆಯುವವರೆಗೆ ಇದು ನನ್ನ ಬಲವಾದ ಅನುಮಾನವಷ್ಟೇ. ಗಾಳಿ ಸೋರಿಕೆ, ಥ್ರಾಟಲ್ ಬಾಡಿಯ ಐಡಲ್ ಗಾಳಿದಾರಿ, ಸೋರುವ ಇಂಜೆಕ್ಟರ್ ಇವೂ ಏರಿಳಿತ ತರಬಲ್ಲವು. ಆದರೆ ಒಂದು ವಿವೇಚನೆ ಸದಾ ಕೆಲಸಕ್ಕೆ ಬರುತ್ತದೆ. ಹರಿವಿನ ಅಂಕಿ ತಪ್ಪಿದ್ದರೆ ಐಡಲ್‌ನಿಂದ ಕೆಂಪು ಗೆರೆಯವರೆಗೆ ಎಲ್ಲ ಕಡೆಯೂ ಒಂದೇ ಶೇಕಡಾವಾರು ತಪ್ಪು. ಡೆಡ್ ಟೈಮ್ ತಪ್ಪಿದ್ದರೆ ಕೆಳಗೆ ದೊಡ್ಡ ತಪ್ಪು, ಮೇಲೆ ಹೋದಂತೆ ಕರಗುವ ತಪ್ಪು. ನಿಮ್ಮದು ಎರಡನೆಯದು. ಇಂಥ ಸ್ಥಿತಿಯಲ್ಲಿ ಹರಿವಿನ ಅಂಕಿಯನ್ನೇ ತಿರುಚುತ್ತ ಹೋದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಐಡಲ್ ಸರಿಯಾದಾಗ ಮೇಲ್ಭಾಗ ಕೆಡುತ್ತದೆ. ಈ ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲಿ ಒಂದು ಅವಳಿ ಸಿಲಿಂಡರ್ ಬೈಕಿನ ಮುಂದೆ ನಾನು ಎರಡು ದಿನ ಹೀಗೆಯೇ ಕುಳಿತಿದ್ದೆ. ಹರಿವನ್ನು ಮೂರು ಬಾರಿ ಬದಲಿಸಿದ ಮೇಲೆ, ಬ್ಯಾಟರಿ ಇಳಿದಂತೆ ಎಂಜಿನ್ನಿನ ನಡತೆ ಬದಲಾಗುತ್ತಿರುವುದು ಕಣ್ಣಿಗೆ ಬಿತ್ತು. ಅಂದಿನಿಂದ ಹರಿವನ್ನು ಮಾತ್ರ ಅಳೆದು ಡೆಡ್ ಟೈಮ್ ಅಳೆಯದ ಕೆಲಸವನ್ನು ನಾನು ಅರ್ಧ ಕೆಲಸವೆಂದೇ ಎಣಿಸುತ್ತೇನೆ.

ಅಳೆಯುವ ದಾರಿಗಳು

ಅಳತೆಗೆ ಇಳಿಯುವ ಮೊದಲು ಕಾಗದದ ಮೇಲೆ ಒಂದು ಅಂದಾಜು ಬರೆದಿಟ್ಟುಕೊಳ್ಳಿ. ಚೆನ್ನಾಗಿರುವ ಪೆಟ್ರೋಲ್ ಎಂಜಿನ್ ಪೂರ್ಣ ಶಕ್ತಿಯಲ್ಲಿ ಒಂದು ಕಿಲೋವಾಟ್‌ಗೆ ಗಂಟೆಗೆ ಸುಮಾರು 300 ಗ್ರಾಂ ಇಂಧನ ಬಳಸುತ್ತದೆ. 15 ಕಿಲೋವಾಟ್‌ನ ಎಂಜಿನ್ನಿಗೆ ನಿಮಿಷಕ್ಕೆ 75 ಗ್ರಾಂ, ಅಂದರೆ ಸುಮಾರು 100 ಸಿಸಿ. ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂಬ ನಿಯಮ ಹಾಕಿದರೆ 126 ಸಿಸಿ ಬೇಕು. ನಿಮ್ಮ ಎಂಜಿನ್ನಿನ ಮೂಲ ಶಕ್ತಿ ಇದರ ಹತ್ತಿರ ಇದ್ದರೆ 120ರಿಂದ 130ರೊಳಗಿನ ಉತ್ತರ ಸಹಜ. ಅಳೆದಾಗ 60 ಅಥವಾ 250 ಬಂದರೆ ಇಂಜೆಕ್ಟರನ್ನು ಅಲ್ಲ, ನಿಮ್ಮ ಅಳತೆಯನ್ನು ಶಂಕಿಸಿ.

ಎಲ್ಲಕ್ಕಿಂತ ಸುರಕ್ಷಿತ ದಾರಿ ಇಂಜೆಕ್ಟರ್ ಸ್ವಚ್ಛಗೊಳಿಸಿ ಪರೀಕ್ಷಿಸುವ ಬೆಂಚ್ ಇರುವ ವರ್ಕ್‌ಶಾಪ್. ನಿಮಗೆ ನನ್ನ ಮೊದಲ ಸಲಹೆಯೂ ಅದೇ. ಆದರೆ ಸುಮ್ಮನೆ ಹರಿವು ನೋಡಿ ಕೊಡಿ ಎಂದು ಹೇಳಿ ಬರಬೇಡಿ. ಬೆಂಚ್‌ಗಳನ್ನು ಹೆಚ್ಚಾಗಿ ಕಾರುಗಳ ಇಂಜೆಕ್ಟರಿಗೆ ಹೊಂದಿಸಿರುತ್ತಾರೆ. 15 ಸೆಕೆಂಡ್ ಹರಿಸಿ ದೊಡ್ಡ ಗಾಜಿನ ಕೊಳವೆಯಲ್ಲಿ ಓದಿದರೆ ನಿಮ್ಮ ಪುಟ್ಟ ಇಂಜೆಕ್ಟರಿನಿಂದ ಬರುವುದು ಮೂವತ್ತು ಸಿಸಿ, ಒಂದು ಸಿಸಿ ತಪ್ಪು ಓದಿದರೂ ಶೇ 3 ಹೋಯಿತು. ಪೂರ್ತಿ ಒಂದು ನಿಮಿಷ ಹರಿಸಲು ಕೇಳಿ. ಒತ್ತಡವನ್ನು ನಿಮ್ಮ ಬೈಕಿನ ಮ್ಯಾನ್ಯುಯಲ್‌ನಲ್ಲಿರುವಷ್ಟಕ್ಕೇ ಇಡಲು ಹೇಳಿ. ಅವರ ದ್ರವದ ಸಾಂದ್ರತೆ ಎಷ್ಟೆಂದು ಬರೆದುಕೊಳ್ಳಿ: 0.78 ಇದ್ದರೆ ಪೆಟ್ರೋಲ್ ಅದಕ್ಕಿಂತ ಸುಮಾರು ಶೇ 2.7 ಹೆಚ್ಚು ಸಿಸಿ ಹರಿಯುತ್ತದೆ. ಸ್ವಚ್ಛಗೊಳಿಸುವ ಮೊದಲು ಒಮ್ಮೆ, ನಂತರ ಒಮ್ಮೆ ಅಳೆಸಿ. ಎರಡರ ನಡುವೆ ಶೇ 10ರ ಅಂತರ ಬಂದರೆ ನಿಮ್ಮ ತೊಂದರೆಯ ಒಂದು ಪಾಲು ಕಸದ್ದೇ ಆಗಿತ್ತು ಎಂದು ತಿಳಿಯುತ್ತದೆ.

ಮನೆಯಲ್ಲಿ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ಅಪಾಯ ನಿಜವಾದದ್ದು, ಅದನ್ನು ಮೃದುಗೊಳಿಸಿ ಹೇಳಲಾರೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. 3 ಬಾರ್ ಒತ್ತಡದಲ್ಲಿ ಇಂಜೆಕ್ಟರಿನಿಂದ ಅದು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮಂಜಾಗಿ ಹೊರಬರುತ್ತದೆ. ಟರ್ಪೆಂಟೈನ್ ಬದಲಿಗೆ ಬಳಸುವ ಖನಿಜ ದ್ರಾವಕಗಳು ಬಟ್ಟಲಲ್ಲಿ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹಾಗಾಗಿ ಅವು ಪೆಟ್ರೋಲಿಗಿಂತ ಮೇಲು. ಆದರೆ ಮಂಜಿನ ರೂಪದಲ್ಲಿ ಅವೂ ಹೊತ್ತಿಕೊಳ್ಳುತ್ತವೆ, ಇದನ್ನು ಮರೆಯಬೇಡಿ.

ಬಹಳ ಮಂದಿ ಮಾಡುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಪಂಪನ್ನು ಟ್ಯಾಂಕಿನಿಂದ ಬಿಚ್ಚಿ, ಬಕೆಟ್‌ನಲ್ಲಿ ಪೆಟ್ರೋಲ್ ಹಾಕಿ, ಅದರಲ್ಲಿ ಮುಳುಗಿಸಿ ನಡೆಸುತ್ತಾರೆ. ಟ್ಯಾಂಕಿನೊಳಗೆ ನಡೆದಾಗ ಏನೂ ಆಗದ ಪಂಪ್ ಬಕೆಟ್‌ನಲ್ಲಿ ಏನು ಮಾಡೀತು ಎಂಬ ಧೈರ್ಯ. ಟ್ಯಾಂಕಿನ ಒಳಗೆ ಆವಿ ಎಷ್ಟು ದಟ್ಟವೆಂದರೆ ಉರಿಯಲು ಬೇಕಾದ ಆಮ್ಲಜನಕ ಅಲ್ಲಿರುವುದಿಲ್ಲ. ತೆರೆದ ಬಕೆಟ್‌ನಲ್ಲಿ ಗಾಳಿ ಬೆರೆಯುತ್ತದೆ, ಅದೇ ಕಿಡಿ ಅಲ್ಲಿ ಬೆಂಕಿಯಾಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಹೀಗೆ ಮಾಡುವಾಗ ಕ್ಲಿಪ್ ಜಾರಿ ಕಿಡಿ ಹಾರಿತು. ಕೈ ಸುಟ್ಟುಕೊಂಡರೂ ಉಳಿದರು, ಅದು ತೆರೆದ ಅಂಗಳವಾಗಿದ್ದರಿಂದ. ಮುಚ್ಚಿದ ಕೋಣೆಯಾಗಿದ್ದರೆ ಎಂದು ಇಂದಿಗೂ ಯೋಚಿಸುತ್ತೇನೆ.

ಆದ್ದರಿಂದ ಪಂಪ್ ಟ್ಯಾಂಕಿನೊಳಗೇ ಇರಲಿ. ಬೈಕಿನ ಪಂಪ್, ಬೈಕಿನ ರೆಗ್ಯುಲೇಟರ್, ಬೈಕಿನ ಪೈಪ್: ಇದಕ್ಕಿಂತ ಒಳ್ಳೆಯ ಅಳತೆಯ ವ್ಯವಸ್ಥೆ ಇಲ್ಲ, ಏಕೆಂದರೆ ನಿಮಗೆ ಬೇಕಿರುವುದು ನಿಮ್ಮ ಬೈಕಿನ ಒತ್ತಡದಲ್ಲಿನ ಹರಿವು. ಬಯಲಿನಲ್ಲಿ, ತಣ್ಣಗಿರುವ ಎಂಜಿನ್ನಿನ ಮೇಲೆ, ಪಕ್ಕದಲ್ಲಿ ಅಗ್ನಿಶಾಮಕ ಮತ್ತು ಇನ್ನೊಬ್ಬ ವ್ಯಕ್ತಿ ಇರುವಾಗ ಮಾತ್ರ ಮಾಡಿ. ಪಂಪಿನ ಕನೆಕ್ಟರ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಲೈನಿನ ಒತ್ತಡ ಇಳಿಯಲಿ. ಎಂಜಿನ್ ಪೂರ್ತಿ ತಣಿದ ಮೇಲೆ ಬಟ್ಟೆ ಸುತ್ತಿ ಇಂಜೆಕ್ಟರನ್ನು ಅದರ ಟೋಪಿಯ (ಇಂಧನದ ಪೈಪ್ ಸೇರುವ ಮುಚ್ಚಳದ) ಸಮೇತ ಹೊರತೆಗೆಯಿರಿ. ಟೋಪಿಗೆ ಇಂಜೆಕ್ಟರನ್ನು ಭದ್ರವಾಗಿ ಬಿಗಿಯಿರಿ, ಕೈಯಲ್ಲಿ ಹಿಡಿದರೆ 3 ಬಾರ್ ಅದನ್ನು ಬಾಟಲಿಯ ಕಾರ್ಕಿನಂತೆ ಎಸೆಯುತ್ತದೆ. ಲೈನಿನಲ್ಲಿ ಒಂದು ಒತ್ತಡದ ಗೇಜ್ ಸೇರಿಸಿ. ಪುಸ್ತಕದ ಅಂಕಿಯನ್ನು ನಂಬಿ ಗೇಜ್ ಬಿಟ್ಟರೆ ಸವೆದ ಪಂಪ್ 2.4 ಬಾರ್ ಕೊಡುತ್ತಿದ್ದರೂ ನಿಮಗೆ ತಿಳಿಯುವುದಿಲ್ಲ.

ಇಂಜೆಕ್ಟರಿಗೆ ತಂತಿಗಳನ್ನು ಮೊದಲೇ ಜೋಡಿಸಿ, ಸ್ವಿಚ್ಚು ಮತ್ತು ಬ್ಯಾಟರಿ ಕನಿಷ್ಠ ಎರಡು ಮೂರು ಮೀಟರ್ ದೂರದಲ್ಲಿ, ಗಾಳಿ ಬೀಸಿ ಬರುವ ಕಡೆಯಲ್ಲಿರಲಿ. 12 ಓಮ್‌ನ ಸುರುಳಿ ಒಂದು ಆಂಪಿಯರ್ ಎಳೆಯುತ್ತದೆ, ಒಂದು ನಿಮಿಷ ತಡೆಯುತ್ತದೆ, ಹರಿಯುವ ಇಂಧನವೇ ಅದನ್ನು ತಣಿಸುತ್ತದೆ. ಒಣಗಿದ ಇಂಜೆಕ್ಟರಿಗೆ ಹೀಗೆ ವಿದ್ಯುತ್ ಕೊಡಬೇಡಿ. ಕಡಿಮೆ ಓಮ್‌ನದನ್ನು ನೇರ ಬ್ಯಾಟರಿಗೆ ಹಚ್ಚಲೇಬೇಡಿ.

ಸಂಗ್ರಹಿಸಲು ಅಗಲ ಬಾಯಿಯ ಪಾತ್ರೆ ಬೇಡ, ಮಂಜಿನಲ್ಲೇ ಒಂದಷ್ಟು ಹಾರಿ ಹೋಗುತ್ತದೆ. ಕಿರಿದಾದ ಬಾಯಿಯ ಬಾಟಲಿ, ಬಾಯಿಯ ಸುತ್ತ ಬಟ್ಟೆ. ಸಿಸಿ ಗೆರೆ ಓದುವುದಕ್ಕಿಂತ ತೂಗುವುದು ನನಗೆ ಹೆಚ್ಚು ಇಷ್ಟ. ಗ್ರಾಮಿನ ಹತ್ತನೆಯ ಭಾಗ ತೋರಿಸುವ ತಕ್ಕಡಿ ಸಾಕು. ಬಾಟಲಿ ಮತ್ತು ಬಟ್ಟೆಯನ್ನು ಒಟ್ಟಿಗೆ ಮೊದಲು ತೂಗಿ, ನಂತರ ತೂಗಿ. ಅದೇ ಪೆಟ್ರೋಲಿನ 100 ಸಿಸಿಯನ್ನು ಬೇರೆಯಾಗಿ ತೂಗಿ ಅಂದಿನ ಸಾಂದ್ರತೆ ಕಂಡುಕೊಳ್ಳಿ. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ 1 ಹಿಗ್ಗುತ್ತದೆ, ಆದ್ದರಿಂದ ಮಧ್ಯಾಹ್ನದ ಅಳತೆಗೆ ಮುಂಜಾನೆಯ ಸಾಂದ್ರತೆ ಬಳಸಬೇಡಿ. 60 ಸೆಕೆಂಡ್ ಹರಿಸಿ. ಕೈಗಡಿಯಾರ ನೋಡಿ ಸ್ವಿಚ್ಚು ಒತ್ತಿದರೆ ಆಗುವ 0.3 ಸೆಕೆಂಡಿನ ತಪ್ಪು 10 ಸೆಕೆಂಡಿನಲ್ಲಿ ಶೇ 3, 60ರಲ್ಲಿ ಅರ್ಧ ಶೇಕಡಾ. ಮೂರು ಬಾರಿ ಮಾಡಿ. ಮೂರೂ ಶೇ 1ರೊಳಗೆ ತಾಳೆಯಾಗದಿದ್ದರೆ ಸರಾಸರಿ ತೆಗೆಯಬೇಡಿ, ಏನು ಅಲುಗುತ್ತಿದೆ ಎಂದು ಹುಡುಕಿ.

ಡೆಡ್ ಟೈಮಿಗೆ ನಿಮ್ಮ ಹೊಸ ಇಸಿಯುವೇ ಸಹಾಯಕ್ಕೆ ಬರಬಹುದು. ಮೆಗಾಸ್ಕ್ವಿರ್ಟ್‌ನಂತಹ ಇಸಿಯುಗಳಲ್ಲಿ ಎಂಜಿನ್ ನಿಂತಿರುವಾಗ ಇಂಜೆಕ್ಟರನ್ನು ಬೇಕಾದಷ್ಟು ಬಾರಿ, ಬೇಕಾದ ಅವಧಿಗೆ ಮಿಡಿಸುವ ಪರೀಕ್ಷಾ ವಿಧಾನವಿದೆ. 4 ಮಿಲಿಸೆಕೆಂಡಿನ 5000 ಮಿಡಿತ ಕೊಟ್ಟು ತೂಗಿ, ನಂತರ 8 ಮಿಲಿಸೆಕೆಂಡಿನ 5000. ಮೊದಲನೆಯದರಲ್ಲಿ 31.5 ಸಿಸಿ, ಎರಡನೆಯದರಲ್ಲಿ 73.5 ಸಿಸಿ ಬಂದಿತು ಎನ್ನಿ. ಎರಡರ ನಡುವಿನ 42 ಸಿಸಿ ಬಂದದ್ದು ಹೆಚ್ಚುವರಿ 20 ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿಗೆ 2.1, ನಿಮಿಷಕ್ಕೆ 126. ಆ ವೇಗದಲ್ಲಿ 31.5 ಸಿಸಿ ಹರಿಯಲು 15 ಸೆಕೆಂಡ್ ಸಾಕು, ಆದರೆ ನಾವು ವಿದ್ಯುತ್ ಕೊಟ್ಟದ್ದು 20 ಸೆಕೆಂಡ್. ಕಾಣೆಯಾದ 5 ಸೆಕೆಂಡನ್ನು 5000 ಮಿಡಿತಗಳಿಗೆ ಹಂಚಿದರೆ ತಲಾ 1 ಮಿಲಿಸೆಕೆಂಡ್. ಅದೇ ನಿಮ್ಮ ಡೆಡ್ ಟೈಮ್. ಈ ಪ್ರಯೋಗದ ಚೆಲುವೆಂದರೆ ಹರಿವೂ ಡೆಡ್ ಟೈಮೂ ಒಟ್ಟಿಗೆ ಸಿಗುತ್ತವೆ, ಹರಿವು ಮೊದಲಿನ ಒಂದು ನಿಮಿಷದ ಅಳತೆಗೆ ತಾಳೆಯಾದರೆ ಎರಡನ್ನೂ ನಂಬಬಹುದು. ಪರೀಕ್ಷೆಯ ವೇಳೆ ಬ್ಯಾಟರಿ ಎಷ್ಟು ವೋಲ್ಟ್ ಇತ್ತೆಂದು ಬರೆದಿಡಿ. 12 ಮತ್ತು 14 ವೋಲ್ಟ್ ಎರಡರಲ್ಲೂ ಮಾಡಿದರೆ ಹೆಡ್‌ಲೈಟಿನ ಸಮಸ್ಯೆಗೂ ಉತ್ತರ ಸಿಕ್ಕಿತು. ಬೆಂಚ್ ಇರುವವರ ಬಳಿ ಹೋದರೂ ಇದೇ ಎರಡು ಅವಧಿಗಳ ಪರೀಕ್ಷೆ ಕೇಳಿ.

ಇಂಧನ ಹರಿಸಿ ತೂಗದೆಯೇ, ಬೈಕಿನ ಮೇಲೆಯೇ ಎರಡು ಇಂಜೆಕ್ಟರ್‌ಗಳನ್ನು ಹೋಲಿಸುವ ದಾರಿಯೂ ಇದೆ. ಲ್ಯಾಂಬ್ಡಾ ತಾನಾಗಿ ತಿದ್ದುವ ವ್ಯವಸ್ಥೆಯನ್ನು ನಿಲ್ಲಿಸಿ, ಒಂದೇ ಆರ್‌ಪಿಎಂ, ಒಂದೇ ಹೊರೆ, ಒಂದೇ ಮಿಡಿತದಲ್ಲಿ ಮೊದಲನೆಯದು 0.90, ಎರಡನೆಯದು 0.80 ತೋರಿಸಿದರೆ ಎರಡನೆಯದು ಸುಮಾರು ಶೇ 12.5 ಹೆಚ್ಚು ಹರಿಯುತ್ತದೆ. ಡೆಡ್ ಟೈಮ್ ಎರಡರಲ್ಲೂ ಒಂದೇ ಎಂಬ ನಂಬಿಕೆ ಇದರೊಳಗೆ ಅಡಗಿದೆ, ಆದ್ದರಿಂದ ಐಡಲ್‌ನಲ್ಲಿ ಹೋಲಿಸಬೇಡಿ. ಐಡಲ್‌ನಲ್ಲಿ ಒಂಟಿ ಸಿಲಿಂಡರ್ ಸೈಲೆನ್ಸರಿನ ತುದಿಯಿಂದ ಗಾಳಿಯನ್ನು ಹಿಂದಕ್ಕೆ ಎಳೆದುಕೊಂಡು ಸೆನ್ಸರಿಗೆ ಸುಳ್ಳು ಹೇಳಿಸುವುದೂ ಉಂಟು. ಈ ದಾರಿಯ ಅಪಾಯ ಬೇರೆ: ಹೊರೆಯಲ್ಲಿ ಮಿಶ್ರಣ ಬಡವಾದರೆ (ಪೆಟ್ರೋಲ್ ಕಡಿಮೆಯಾದರೆ) ಪಿಸ್ಟನ್ ಸುಡುತ್ತದೆ. ಸಂಶಯವಿದ್ದಾಗ ಇಸಿಯುವಿಗೆ ಹರಿವಿನ ಅಂಕಿಯನ್ನು ಕಡಿಮೆ ಮಾಡಿ ಹಾಕಿ, ಹೆಚ್ಚು ಮಾಡಿ ಅಲ್ಲ. ಇಂಜೆಕ್ಟರ್ ಚಿಕ್ಕದೆಂದು ಇಸಿಯು ನಂಬಿದರೆ ಹೆಚ್ಚು ಹೊತ್ತು ತೆರೆದಿಡುತ್ತದೆ. ಹೊಗೆ ಬಂದೀತು, ಎಂಜಿನ್ ಉಳಿಯುತ್ತದೆ.

ಅಳತೆ ಶೇ 4 ಅಥವಾ 5 ತಪ್ಪಿದರೆ ಕಂಗೆಡಬೇಡಿ, ಇಂಧನದ ಕೋಷ್ಟಕ ತಿದ್ದುವಾಗ ಅದು ಒಳಗೆ ಕರಗಿಹೋಗುತ್ತದೆ. ಡೆಡ್ ಟೈಮಿನ ತಪ್ಪು ಹಾಗೆ ಕರಗುವುದಿಲ್ಲ, ವೋಲ್ಟೇಜ್ ಬದಲಾದಾಗಲೆಲ್ಲ ಮರಳಿ ಬರುತ್ತದೆ.

ದೊಡ್ಡ ಇಂಜೆಕ್ಟರಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಈಗ ಬೇಡ. ಇಂಜೆಕ್ಟರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಎಂಜಿನ್ ಎಳೆದ ಗಾಳಿಗೆ ತಕ್ಕ ಇಂಧನ ಒದಗಿಸುತ್ತದೆ. 240 ಸಿಸಿಯದನ್ನು ಹಾಕಿದರೆ ನಿಮ್ಮ ಐಡಲ್‌ಗೆ ಸೂಜಿ ತೆರೆದಿರಬೇಕಾದದ್ದು ಒಂದೂವರೆ ಮಿಲಿಸೆಕೆಂಡ್ ಮಾತ್ರ. ಅಷ್ಟು ಚಿಕ್ಕ ಮಿಡಿತದಲ್ಲಿ ಸೂಜಿ ಪೂರ್ತಿ ಏಳುವ ಮೊದಲೇ ಇಳಿಯತೊಡಗುತ್ತದೆ, ಹರಿವು ಲೆಕ್ಕಕ್ಕೆ ಸಿಗುವುದಿಲ್ಲ, ಇಂದಿನ ಶೇ 17ರ ತಪ್ಪು ಶೇ 30 ದಾಟುತ್ತದೆ. ಸಿಂಪರಣೆಯ ಕೋನ ನಿಮ್ಮ ಇನ್‌ಟೇಕ್ ವಾಲ್ವಿನ ಕಡೆಗಿರದೆ ಗೋಡೆಗೆ ಬಡಿಯಬಹುದು. 9000 ಆರ್‌ಪಿಎಂನಲ್ಲಿ ಒಂದು ಪೂರ್ಣ ಸುತ್ತಿಗೆ, ಅಂದರೆ ಕ್ರ್ಯಾಂಕಿನ ಎರಡು ತಿರುಗುವಿಕೆಗೆ, ಸಿಗುವ ಸಮಯ 13.3 ಮಿಲಿಸೆಕೆಂಡ್. ಪೂರ್ಣ ಥ್ರಾಟಲ್‌ನಲ್ಲಿ ಇಸಿಯು ದಾಖಲಿಸಿದ ಮಿಡಿತ 10.7ನ್ನು ದಾಟುತ್ತಿದೆಯೇ ನೋಡಿ. ದಾಟುತ್ತಿದ್ದರೆ ಹೊಸ ಕ್ಯಾಮ್ ನಿಮ್ಮ ಇಂಜೆಕ್ಟರನ್ನು ನಿಜಕ್ಕೂ ಮೀರಿದೆ. ಆಗ 150ರಿಂದ 160 ಸಿಸಿಯ ಒಂದನ್ನು, ಹರಿವಿನ ಜೊತೆಗೆ ಒತ್ತಡ ಮತ್ತು ವೋಲ್ಟೇಜ್‌ವಾರು ಡೆಡ್ ಟೈಮ್ ಪಟ್ಟಿಯನ್ನೂ ಕೊಡುವ ಮಾರಾಟಗಾರರಿಂದಲೇ ಆರಿಸಿಕೊಳ್ಳಿ.

ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಡೆಡ್ ಟೈಮನ್ನು 1.5ರಿಂದ 1.3ಕ್ಕೆ, ಆಮೇಲೆ 1.1ಕ್ಕೆ ಇಳಿಸಿ, ಐಡಲ್‌ನಲ್ಲಿ ಮಾತ್ರ, ಲ್ಯಾಂಬ್ಡಾ ನೋಡುತ್ತ. ನನ್ನ ಅನುಮಾನ ಸರಿಯಿದ್ದರೆ ಅದು 0.86, 0.92 ಎಂದು ಏರುತ್ತ ಬರುತ್ತದೆ. ಬಾರದಿದ್ದರೆ ಸೋರಿಕೆ ನೋಡಿ: ಅಳತೆಗಾಗಿ ಇಂಜೆಕ್ಟರ್ ಹೊರಗಿರುವಾಗಲೇ ಪಂಪ್ ಚಾಲೂ ಮಾಡಿ, ಇಂಜೆಕ್ಟರಿಗೆ ವಿದ್ಯುತ್ ಕೊಡದೆ ಒಂದು ನಿಮಿಷ ತುದಿಯನ್ನು ಗಮನಿಸಿ. ಹನಿ ಕಟ್ಟಿ ಬಿದ್ದರೆ ಯಾವ ಅಂಕಿಯೂ ಆ ಐಡಲನ್ನು ಸರಿಪಡಿಸದು, ಇಂಜೆಕ್ಟರ್ ಬದಲಿಸಬೇಕು. ಮರುಜೋಡಿಸುವಾಗ ಎರಡೂ ರಬ್ಬರ್ ಉಂಗುರಗಳನ್ನು ಹೊಸದಾಗಿ ಹಾಕಿ, ಚೂರು ಎಂಜಿನ್ ಆಯಿಲ್ ಸವರಿ, ತಿರುಚದೆ ನೇರವಾಗಿ ಒತ್ತಿ. ಎಂಜಿನ್ ಹೊತ್ತಿಸುವ ಮೊದಲು ಕೀ ಹಾಕಿ ಪಂಪನ್ನು ಮಾತ್ರ ಎರಡು ಮೂರು ಬಾರಿ ಓಡಿಸಿ, ಟೋಪಿಯ ಸುತ್ತ ಒಣ ಕಾಗದ ಒತ್ತಿ ನೋಡಿ. ಕಾಗದ ಒಣಗಿಯೇ ಉಳಿದ ಮೇಲೆ ಸ್ಟಾರ್ಟ್ ಮಾಡಿ.